ಸಹಿ ಇದೆ, ಒಪ್ಪಿಗೆ ಇಲ್ಲ

ನಮ್ಮ ಹೆರಿಗೆ ವಾರ್ಡಿನ ಹೊರಗೆ ಒಂದು ಬಿಳಿ ಬೋರ್ಡಿದೆ. ಅದರಲ್ಲಿ ಮಂಗಳವಾರ, ಶುಕ್ರವಾರ ಎಂದು ಎರಡೇ ಅಂಕಣ. ಅರಿವಳಿಕೆ ಡಾಕ್ಟರು ಹೆಬ್ಬಗೋಡಿಯ ನಮ್ಮ ಆಸ್ಪತ್ರೆಗೆ ಬರುವುದು ಆ ಎರಡು ದಿನ ಮಾತ್ರ. ಉಳಿದ ದಿನಗಳಲ್ಲಿ ಅವರು ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆ ಎಂದು ಐದಾರು ನರ್ಸಿಂಗ್ ಹೋಮುಗಳ ಪಾಲು. ಹಾಗಾಗಿ ಮೊದಲ ಹೆರಿಗೆ ಸಿಸೇರಿಯನ್ ಆದವರು ಯಾರೇ ಬರಲಿ, ಒಂಬತ್ತನೇ ತಿಂಗಳಿಗೆ ಬೀಳುತ್ತಿದ್ದಂತೆ ಅವರ ಹೆಸರು ಆ ಬೋರ್ಡಿಗೆ ಏರುತ್ತಿತ್ತು. ಬರೆಯುತ್ತಿದ್ದವಳು ನಾನೇ. ಬರೆಯುವ ಮೊದಲು ಅವರನ್ನು ಕೇಳಬೇಕೆಂಬ ಯೋಚನೆ ಒಂದು ದಿನವೂ ನನಗೆ ಬಂದಿರಲಿಲ್ಲ.

ನಾನು ಈ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಆಯಾ ಆಗಿ ಒಳಗೆ ಬಂದವಳು. ಒಂದೊಂದು ಮೆಟ್ಟಿಲನ್ನೂ ಚೌಕಾಸಿ ಮಾಡಿಯೇ ಹತ್ತಿದ್ದೇನೆ. ಆ ಕಥೆ ಇಲ್ಲಿ ಬೇಡ. ಇಲ್ಲಿ ಹೇಳಬೇಕಾದದ್ದು ಒಂದೇ ಒಂದು ಹೆರಿಗೆಯ ಕಥೆ. ಅದನ್ನು ನೆನೆದರೆ ಈಗಲೂ ನನಗೆ ರಕ್ತ ಕುದಿಯುತ್ತದೆ, ಅರ್ಧ ಬೇರೆಯವರ ಮೇಲೆ, ಅರ್ಧ ನನ್ನ ಮೇಲೆ.

ಆ ಹುಡುಗಿಗೆ ಇಪ್ಪತ್ತೇಳು ವರ್ಷ. ಎಲೆಕ್ಟ್ರಾನಿಕ್ ಸಿಟಿಯ ಒಂದು ಫ್ಯಾಕ್ಟರಿಯಲ್ಲಿ ಭೂತಗನ್ನಡಿಯ ಕೆಳಗೆ ಸರ್ಕ್ಯೂಟ್ ಬೋರ್ಡುಗಳನ್ನು ಇಟ್ಟು ತಪ್ಪು ಹುಡುಕುವ ಕೆಲಸ. ಕಣ್ಣು ಅಷ್ಟು ಚುರುಕು. ಸ್ಕ್ಯಾನಿಂಗಿಗೆ ಬಂದವಳು ವಾರ್ಡಿನ ಬಿಳಿ ಬೋರ್ಡಿನ ಮುಂದೆ ನಿಂತುಬಿಟ್ಟಳು.

"ಸಿಸ್ಟರ್, ಇದು ನನ್ ಹೆಸ್ರಾ?"

"ಇನ್ಯಾರದಮ್ಮಾ."

"ಮಂಗಳವಾರ ಏನು?"

"ಆಪರೇಷನ್ನು. ಮೊದಲನೇದು ಸಿಸೇರಿಯನ್ ಅಲ್ವಾ ನಿಂದು."

"ಯಾರ್ ಹೇಳಿದ್ದು ಮಾಡಿ ಅಂತ?"

ನಮ್ಮ ಹೆರಿಗೆ ಡಾಕ್ಟರ್ ಮೇಡಂ ಹೇಳಿದರು ಎನ್ನೋಣವೆಂದರೆ ಮೇಡಂ ಹೇಳಿರಲಿಲ್ಲ. ಅವರು ಫೈಲಿನ ಮೇಲೆ 'ಹಿಂದಿನ ಸಿಸೇರಿಯನ್' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು, ಉಳಿದದ್ದನ್ನು ನಾನೇ ಪೂರೈಸಿದ್ದೆ. ಅವಳು ಮೆಲ್ಲಗೆ, "ನಂಗೆ ನಾರ್ಮಲ್ ಆಗ್ಬೇಕು. ಆಗಲ್ವಾ?" ಎಂದಳು.

ಅವಳ ಹಿಂದೆ ಅತ್ತೆ ನಿಂತಿದ್ದರು. ಹೆಬ್ಬಗೋಡಿಯ ಹಳೇ ಮನೆತನ. ಹೊಲವಿದ್ದ ಜಾಗದಲ್ಲಿ ಈಗ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ, ಬಾಡಿಗೆಯವರನ್ನು ಬೆರಳ ತುದಿಯಲ್ಲಿ ಆಡಿಸುವ ಹೆಂಗಸು. ಸೊಸೆ ಮಾತು ಮುಗಿಸುವ ಮೊದಲೇ ಅವರು ಮುಂದೆ ಬಂದರು.

"ಅವ್ಳ್ ಮಾತ್ ಏನ್ ಕೇಳ್ತೀಯವ್ವಾ. ಒಟ್ಟೆ ಎಂಗೂ ಕುಯ್ತೀರಿ. ಅಂಗೇ ಆ ನರಾನೂ ಕಟ್ಟಾಕ್ಬುಡಿ. ಎಲ್ಡ್ ಕಿತ ಯಾಕ್ ಆಸ್ಪತ್ರೆ ಅಲೀಬೇಕು?"

ಇದು ನಮ್ಮ ಕಡೆ ಹೊಸ ಮಾತಲ್ಲ. ಎರಡನೆಯದೂ ಸಿಸೇರಿಯನ್ ಎಂದರೆ ಅದರ ಜೊತೆಗೆ ಸಂತಾನಹರಣ ಚಿಕಿತ್ಸೆಯೂ ಆಗಿಹೋಗಬೇಕು. ಹೊಟ್ಟೆ ತೆರೆದಿರುತ್ತದೆ, ಐದೇ ನಿಮಿಷದ ಕೆಲಸ, ಪುನಃ ಯಾಕೆ ಓಡಾಟ ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ಎಷ್ಟೋ ಹೆಂಗಸರು ತಾವೇ ಕೇಳಿ ಮಾಡಿಸಿಕೊಳ್ಳುತ್ತಾರೆ, ತಪ್ಪೇನಿಲ್ಲ. ಅವತ್ತು ಸೊಸೆ ಆ ಮಾತಿಗೆ ಏನೂ ಹೇಳಲಿಲ್ಲ. ಏನೂ ಹೇಳಲಿಲ್ಲ ಎಂಬುದನ್ನು ನಾನು ನೋಡಿದೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ.

ಬೋರ್ಡಿನ ಮೇಲಿದ್ದ ಹೆಸರು ಅಳಿಸಿದೆ. ಅತ್ತೆಯ ಮುಖ ನೋಡಬೇಕಿತ್ತು.

ನಾನು ಸಿಸೇರಿಯನ್ ವಿರೋಧಿಯೇನಲ್ಲ. ಎಷ್ಟು ಜೀವ ಅದರಿಂದ ಉಳಿದಿವೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಗರ್ಭಕೋಶ ಕೊಯ್ದು ಹೊಲಿದ ಮೇಲೆ ಮುಂದಿನ ನೋವು ಆ ಹೊಲಿಗೆಯನ್ನು ಜಗ್ಗುತ್ತದೆ. ಅದು ಬಿಟ್ಟುಕೊಳ್ಳುವುದು ಅಪರೂಪ. ಬಿಟ್ಟುಕೊಂಡರೆ ಮಾತ್ರ ಉಳಿಯುವುದು ನಿಮಿಷಗಳು. ಆದ್ದರಿಂದ ನಾರ್ಮಲ್ ಪ್ರಯತ್ನ ಮಾಡುವ ಕಡೆ ಅರಿವಳಿಕೆಯವರು, ರಕ್ತ, ತೆರೆದ ಆಪರೇಷನ್ ಕೋಣೆ, ಮಗುವಿನ ಬಡಿತವನ್ನು ಬಿಡದೆ ನೋಡುವ ಒಬ್ಬರು, ಇಷ್ಟು ಇರಲೇಬೇಕು. ಅವಳ ಮಟ್ಟಿಗೆ ಉಳಿದದ್ದೆಲ್ಲ ಸರಿಯಿತ್ತು. ಮೊದಲ ಮಗು ಕಾಲು ಕೆಳಗಾಗಿ ಕೂತಿತ್ತೆಂದು ಸಿಸೇರಿಯನ್ ಆಗಿತ್ತು, ಈ ಮಗುವಿನ ತಲೆ ಕೆಳಗಿತ್ತು. ನಡುವೆ ನಾಲ್ಕು ವರ್ಷದ ಅಂತರ. ಹಳೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ತ ಎಂದು ಸ್ಪಷ್ಟವಾಗಿತ್ತು. ಡಾಕ್ಟರ್ ಮೇಡಂ ಕಾರ್ಡು ಓದಿ, "ನಿಜ ಹೇಳ್ಬೇಕಂದ್ರೆ ಇವಳಿಗೆ ಟ್ರೈ ಮಾಡ್ಬಹುದು. ನಮ್ಮ ಆಸ್ಪತ್ರೇಲಿ ಮಾಡ್ಬಹುದಾ ಅನ್ನೋದೇ ಪ್ರಶ್ನೆ" ಎಂದರು.

"ಅಂದ್ರೆ ಅವಳ ಗರ್ಭಕೋಶ ಸರಿ ಇದೆ, ನಮ್ದೇ ಸರಿ ಇಲ್ಲ," ಎಂದೆ.

"ನೀವು ಮಾತಾಡ್ತೀರಿ ಸಿಸ್ಟರ್. ಅನಸ್ತೀಷಿಯಾದವರನ್ನ ಕರ್ಕೊಂಡ್ ಬನ್ನಿ, ನಾನು ರೆಡಿ."

ಅವರು ಅದನ್ನು ಆಗದ ಮಾತೆಂದು ಹೇಳಿದ್ದು. ನಾನು ಅದನ್ನು ಸವಾಲಾಗಿ ತೆಗೆದುಕೊಂಡೆ. ಅಲ್ಲಿಂದ ನನ್ನ ಚೌಕಾಸಿ ಶುರು.

ಎದುರಿನವರ ಹತ್ತಿರ ಏನಾದರೂ ಕೇಳುವ ಮೊದಲು ಅವರಿಗೆ ಯಾವುದು ಕಿರಿಕಿರಿ ಎಂದು ನೋಡಿಕೊಳ್ಳಬೇಕು. ಅರಿವಳಿಕೆ ಡಾಕ್ಟರಿಗೆ ನಮ್ಮಲ್ಲಿ ಕಾಯುವುದೇ ಕಿರಿಕಿರಿ. ಒಬ್ಬಳ ರಕ್ತದ ರಿಪೋರ್ಟ್ ಬಂದಿರುವುದಿಲ್ಲ, ಇನ್ನೊಬ್ಬಳು ಬೆಳಿಗ್ಗೆ ಕಾಫಿ ಕುಡಿದುಬಿಟ್ಟಿರುತ್ತಾಳೆ. ಮೂರು ಕೇಸಿಗೆ ಅರ್ಧ ದಿನ. ಶುಕ್ರವಾರ ಅವರು ಕೈ ತೊಳೆಯುವಾಗ ಪಕ್ಕದಲ್ಲಿ ನಿಂತೆ.

"ಸಾರ್, ಇನ್ಮೇಲೆ ನಿಮ್ಮ ಎರಡೂ ದಿನ ಬೆಳಿಗ್ಗೆ ಏಳೂವರೆಗೆ ನನ್ ಪೇಷೆಂಟೆಲ್ಲ ರೆಡಿ. ಒಬ್ರೂ ತಡ ಇಲ್ಲ. ಹನ್ನೊಂದಕ್ಕೆ ನೀವು ಫ್ರೀ."

"ಏನ್ ಬೇಕು ಹೇಳಿ ಸಿಸ್ಟರ್. ಸುಮ್ನೆ ಒಳ್ಳೇದು ಮಾಡೋರಲ್ಲ ನೀವು."

ಹೇಳಿದೆ. ದಿನಾ ಬೆಳಿಗ್ಗೆ ಎಲ್ಲಿದ್ದೀರಿ ಎಂದು ಒಂದು ಮೆಸೇಜ್ ಹಾಕಬೇಕು. ಅವಳಿಗೆ ನೋವು ಜೋರಾದ ಮೇಲೆ ನಮ್ಮ ಆಸ್ಪತ್ರೆಯಲ್ಲೇ ಬಂದು ಕೂರಬೇಕು.

"ಹೊಸೂರು ರೋಡ್ ಟ್ರಾಫಿಕ್ಕಲ್ಲಿ ಕರೆದ ತಕ್ಷಣ ಬರೋಕೆ ನಾನೇನು ಹೆಲಿಕಾಪ್ಟರಾ?"

"ಸರ್ವಿಸ್ ರೋಡಲ್ಲಿ ಬನ್ನಿ ಸಾರ್. ಕರೆಯೋದೂ ಬೇಗಾನೇ ಕರೀತೀನಿ."

ನಕ್ಕು ಒಪ್ಪಿದರು. ಒಪ್ಪಿದ್ದು ಹಗಲಿಗೆ ಮಾತ್ರ. ರಾತ್ರಿ ನೋವು ಬಂದರೆ ನೇರ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಎಂದು ಅವಳಿಗೂ ಗಂಡನಿಗೂ ಹೇಳಿ, ಯಾವ ದಾರಿ, ಯಾವ ಗೇಟು ಎಂದು ಬರೆದುಕೊಟ್ಟೆ.

ಆಸ್ಪತ್ರೆಯ ಮ್ಯಾನೇಜರಿಗೆ ಇದು ಗೊತ್ತಾಗಿದ್ದು ಎರಡು ದಿನ ತಡವಾಗಿ. ಕ್ಯಾಬಿನ್ನಿಗೆ ಕರೆಸಿದ.

"ಹೆಚ್ಚುಕಮ್ಮಿ ಆದ್ರೆ ಯಾರ್ ಸಿಸ್ಟರ್ ಜವಾಬ್ದಾರಿ? ಲೋಕಲ್ ಜನ ಅವ್ರು. ಆಸ್ಪತ್ರೆ ಗ್ಲಾಸ್ ಒಂದೂ ಉಳ್ಸಲ್ಲ."

"ಬಡಿತ ನೋಡೋ ಮಿಷನ್ನಿಗೆ ಪೇಪರ್ ರೋಲ್ ಮುಗಿದು ತಿಂಗಳಾಯ್ತು. ಬೆಲ್ಟ್ ನಿಲ್ಲಲ್ಲ, ಕೈಲಿ ಹಿಡ್ಕೊಂಡ್ ನಿಲ್ತೀವಿ. ಗ್ಲಾಸಿಗಿಂತ ಮುಂಚೆ ಅದನ್ನ ತರಿಸಿ."

ಮೂರನೇ ದಿನ ಪೇಪರೂ ಬಂತು, ಬೆಲ್ಟೂ ಬಂತು. ತಿಂಗಳಿಂದ ಆಗದ್ದು ಮೂರು ದಿನದಲ್ಲಿ ಆಗುತ್ತದೆ ಎಂದರೆ, ಅಷ್ಟು ದಿನ ಆ ಮಿಷನ್ನಿನ ಪಕ್ಕ ಮಲಗಿದ ಹೆಂಗಸರ ಗತಿ ಏನು? ಕೇಳಿದೆ. "ಈಗ ಬಂತಲ್ಲ" ಎಂದ.

ಡಾಕ್ಟರ್ ಮೇಡಂ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಎರಡು ದಾರಿಯನ್ನೂ ಹೇಳಿದರು. ಗಂಡ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಅರ್ಧ ಹೊತ್ತು ಫೋನ್ ನೋಡುತ್ತಿದ್ದ. ಆಪರೇಷನ್ನಿಗೆ ದಿನ ಗೊತ್ತಿರುತ್ತದೆ, ಆದರೆ ಗಾಯ ಮಾಗಬೇಕು, ರಕ್ತ ಜಾಸ್ತಿ ಹೋಗಬಹುದು, ಪ್ರತಿ ಕೊಯ್ತಕ್ಕೂ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು ಹೆಚ್ಚು. ನಾರ್ಮಲ್ ಆದರೆ ಎರಡು ದಿನಕ್ಕೆ ಎದ್ದು ಓಡಾಡಬಹುದು, ಆದರೆ ಹೊಲಿಗೆಯ ಭಯ ಕೊನೆತನಕ ಇದೆ, ಅರ್ಧದಲ್ಲಿ ಆಪರೇಷನ್ನಿಗೆ ಹೋಗಬೇಕಾಗಬಹುದು, ಅದು ಎರಡಕ್ಕಿಂತಲೂ ಕಷ್ಟ. ನೋವು ಬರಿಸಲು ಮಾತ್ರೆ ಇಡುವುದಿಲ್ಲ, ತಾನಾಗಿ ಬರಬೇಕು. ಎಲ್ಲ ಕೇಳಿ ಅವಳು, "ನಾರ್ಮಲ್ಲೇ ಟ್ರೈ ಮಾಡ್ತೀನಿ" ಎಂದಳು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಫ್ಯಾಕ್ಟರಿ ಕೆಲಸ, ಮನೆಯಲ್ಲಿ ನಾಲ್ಕು ವರ್ಷದ ಮಗು, ಬೇಗ ಏಳಬೇಕೆಂಬ ಆಸೆ. ಅಂದುಕೊಂಡೆ ಅಷ್ಟೇ.

ಸೋಮವಾರದಿಂದ ಒಂಬತ್ತು ದಿನ ಬೆಳಿಗ್ಗೆ ಅರಿವಳಿಕೆ ಡಾಕ್ಟರ ಮೆಸೇಜ್ ಬಂತು. ಚಂದಾಪುರ. ಅತ್ತಿಬೆಲೆ. ಮನೆ. ಬೊಮ್ಮಸಂದ್ರ. ಹತ್ತನೆಯ ದಿನ ಬುಧವಾರ. ಬೆಳಿಗ್ಗೆ ಆರೂವರೆಗೆ ಅವಳು ಗಂಡನ ಸ್ಕೂಟರಿನಲ್ಲೇ ಬಂದಿಳಿದಳು. ನಾನು ಒಳಗೆ ಮಂಚ, ಮಿಷನ್ನು, ರಕ್ತದ ಚೀಟಿ ಎಂದು ಓಡಾಡುತ್ತಿದ್ದೆ. ದಾಖಲಾತಿಯನ್ನು ಮುಂದಿನ ಕೌಂಟರಿನವರು ಮಾಡಿದರು.

ಏಳಕ್ಕೆ ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು, ಹತ್ತು ಆಗಬೇಕು. ಕೈಗೆ ಸೂಜಿ ಹಾಕಿ ಔಷಧಿಗೆ ದಾರಿ ಮಾಡಿಟ್ಟೆ, ಎರಡು ಬಾಟಲಿ ರಕ್ತ ಕಾದಿರಿಸಿದ್ದು ಖಚಿತ ಮಾಡಿಕೊಂಡೆ, ಹೊಟ್ಟೆಗೆ ಬೆಲ್ಟ್ ಬಿಗಿದೆ. ಕಾಲು ಗಂಟೆಗೊಮ್ಮೆ ಅವಳ ನಾಡಿ. ನೋವು ಇಳಿದಾಗ ಹಳೆಯ ಗಾಯದ ಮೇಲೆ ಮೆಲ್ಲಗೆ ಒತ್ತಿ, "ಇಲ್ಲಿ ನೋಯ್ತಿದ್ಯಾ?" ಮೂತ್ರದಲ್ಲಿ ಕೆಂಪು ಬಂತೇ ಎಂದು ನೋಡುವುದು. ಹನ್ನೊಂದಕ್ಕೆ ಆರು ಸೆಂಟಿಮೀಟರ್. ಅರಿವಳಿಕೆ ಡಾಕ್ಟರು ಬಂದು ಡ್ಯೂಟಿ ರೂಮಿನಲ್ಲಿ ಪೇಪರ್ ಹಿಡಿದು ಕೂತರು. ಮೂರು ಗಂಟೆಗೆ ಅವರಿಗೆ ಅತ್ತಿಬೆಲೆಯಲ್ಲಿ ಒಂದು ಕೇಸ್ ಇತ್ತು.

"ಸಿಸ್ಟರ್, ನಿಮಗೆಷ್ಟು ಮಕ್ಳು?" ನೋವಿನ ನಡುವೆ ಅವಳು ಕೇಳಿದಳು.

"ಇಬ್ರು. ಎರಡೂ ನಾರ್ಮಲ್ಲು. ಎರಡೂ ಸಲ ಡಾಕ್ಟರನ್ನ ಬೈದಿದೀನಿ. ನೀನೂ ಬೈಬಹುದು, ನಾಚ್ಕೋಬೇಡ."

"ಅತ್ತೇನ ಬೈಬಹುದಾ?"

"ಬಾಗಿಲು ಹಾಕಿದೆ. ಬೈಯಿ."

ಒಂದು ಗಂಟೆಗೆ ಇನ್ನೂ ಆರೇ ಸೆಂಟಿಮೀಟರ್. ಡಾಕ್ಟರ್ ಮೇಡಂ ಒ.ಪಿ.ಡಿ.ಯಿಂದ ಓಡಿ ಬಂದು ನೋಡಿದರು, ಗಡಿಯಾರವನ್ನೂ ನೋಡಿದರು. "ನೋವು ವೀಕಾಗಿದೆ. ಡ್ರಿಪ್ ಹಾಕಿ, ಜೋರು ಮಾಡೋಣ. ಮೂರರ ಒಳಗೆ ಮುಗಿದ್ಹೋಗತ್ತೆ."

ನೋವು ಜೋರು ಮಾಡುವ ಆ ಔಷಧಿಯನ್ನು ಹೊಲಿಗೆ ಇರುವ ಗರ್ಭಕೋಶಕ್ಕೆ ಕೊಡಲೇಬಾರದೆಂದೇನಿಲ್ಲ. ಕೊಡುವುದಾದರೆ ಹನಿ ಹನಿ ಲೆಕ್ಕ ಹಾಕಿ, ಪಕ್ಕದಲ್ಲಿ ಡಾಕ್ಟರು ಕೂತು ಕೊಡಬೇಕು. ಇಲ್ಲಿ ಅವಸರ ಇದ್ದದ್ದು ಗರ್ಭಕೋಶಕ್ಕಲ್ಲ, ಅತ್ತಿಬೆಲೆಗೆ. ಹೊರಗೆ ನಲವತ್ತು ಜನ ಒ.ಪಿ.ಡಿ.ಗೆ ಕಾಯುತ್ತಿದ್ದರು.

"ಮೇಡಂ, ನೀವು ಬರೆದು ಸಹಿ ಹಾಕಿ, ಇಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಈಗ್ಲೇ ಹಾಕ್ತೀನಿ. ನನ್ನೊಬ್ಬಳನ್ನ ಬಿಟ್ಟು ಹೋಗೋದಾದ್ರೆ ಹಾಕಲ್ಲ."

"ನನಗೇ ಹೇಳಿಕೊಡ್ತೀರಾ?"

"ಹೇಳಿಕೊಡ್ತಿಲ್ಲ ಮೇಡಂ. ಹೆದರಿಕೆ ಆಗ್ತಿದೆ."

ಅದು ಚೌಕಾಸಿಯ ಮಾತಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಅವರ ಮುಂದೆ ನಾನು ಹೆದರಿಕೆ ಎಂಬ ಪದ ಆಡಿದ್ದು ಅದೇ ಮೊದಲು. ಅವರು ನನ್ನ ಮುಖ ನೋಡಿ, "ಅರ್ಧ ಗಂಟೆ ನೋಡೋಣ" ಎಂದು ಹೋದರು.

ಅರ್ಧ ಗಂಟೆ ಬೇಕಾಗಲಿಲ್ಲ. ಇಪ್ಪತ್ತು ನಿಮಿಷಕ್ಕೆ ಅವಳು ನನ್ನ ಕೈ ಹಿಡಿದು, "ಸಿಸ್ಟರ್, ನೋವು ಹೋದ್ಮೇಲೂ ಇಲ್ಲಿ ಉರೀತಿದೆ" ಎಂದು ಹಳೆಯ ಗಾಯದ ಜಾಗ ತೋರಿಸಿದಳು. ಪೇಪರಿನ ಮೇಲೆ ಮಗುವಿನ ಬಡಿತ ಒಂದು ಸಲ ಕೆಳಗಿಳಿದು ಏರಿತು. ಮುಂದಿನ ನೋವಿಗೆ ಪುನಃ ಇಳಿಯಿತು, ಏರಲು ಹೊತ್ತು ತೆಗೆದುಕೊಂಡಿತು. ಗಂಟೆ ಒತ್ತಿದೆ. ಮೇಡಂ ಬರುವುದರೊಳಗೆ ಅವಳ ಕಿವಿಯ ಹತ್ತಿರ ಬಗ್ಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಹೊಲಿಗೆ ಜಗ್ತಿರಬಹುದು ಕಣಮ್ಮಾ. ಮಗು ಈಗ ಚೆನ್ನಾಗಿದೆ. ಕಾದ್ರೆ ಏನೋ ಹೇಳೋಕಾಗಲ್ಲ. ನನ್ನ ಕೇಳಿದ್ರೆ ಆಪರೇಷನ್ನೇ ಮಾಡ್ಸೋಣ."

ಅವಳು ಒಂದು ಉಸಿರಿನಷ್ಟು ಯೋಚಿಸಿದಳು. "ಮಾಡಿ. ಆದ್ರೆ ಅದೊಂದು ಬೇಡ ಸಿಸ್ಟರ್."

"ಯಾವುದು?"

"ಅತ್ತೆ ಹೇಳಿದ್ದು."

ಆಪರೇಷನ್ನಿಗೆ ಕಳಿಸುವ ಮೊದಲು ಫೈಲ್ ತೆರೆದು ಸಹಿಗಳನ್ನು ನೋಡಬೇಕು, ಅದು ನನ್ನ ಕೆಲಸ. ದಾಖಲಾತಿಯ ಒಪ್ಪಿಗೆ, ಹೆರಿಗೆಯದು, ಅರಿವಳಿಕೆಯದು, ರಕ್ತದ್ದು, ಸಿಸೇರಿಯನ್ನಿನದು. ಐದರ ಕೆಳಗೆ ಆರನೆಯದು ಸಂತಾನಹರಣ ಚಿಕಿತ್ಸೆಯ ಒಪ್ಪಿಗೆ ಪತ್ರ. ಅದರಲ್ಲೂ ಅವಳದೇ ಸಹಿ, ಅವಳದೇ ದುಂಡನೆಯ ಅಕ್ಷರ. ಬೆಳಿಗ್ಗೆ ನೋವಿನಲ್ಲಿ ಬಗ್ಗಿ ನಿಂತಿದ್ದಾಗ ಕೌಂಟರಿನವರು ಹಾಳೆಗಳ ಮೂಲೆ ಮಾತ್ರ ಮಡಚಿ ತೋರಿಸುತ್ತಾ "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಹಾಕಿಸಿದ್ದು. ಅತ್ತೆ ಕೌಂಟರಿಗೆ ಮೊದಲೇ ಹೇಳಿಟ್ಟಿದ್ದರು. ಕೌಂಟರಿನ ಹುಡುಗಿಯನ್ನು ಬೈಯೋಣವೆಂದರೆ ಹಾಗೆ ಕಟ್ಟಾಗಿ ಸಹಿ ಹಾಕಿಸುವ ಪದ್ಧತಿ ಕಲಿಸಿದ್ದು ಯಾರು? ನಾನು. ಸಮಯ ಉಳಿಯುತ್ತದೆ ಎಂದು.

ಬೆನ್ನಿಗೆ ಸೂಜಿ ಕೊಟ್ಟರು. ಅವಳಿಗೆ ಎಚ್ಚರವಿತ್ತು, ಎದೆಯ ಮೇಲೆ ಹಸಿರು ಪರದೆ. ಡಾಕ್ಟರ್ ಮೇಡಂ ಪದರ ಪದರ ಬಿಡಿಸಿ ಗರ್ಭಕೋಶದ ತನಕ ಹೋದವರು ಕೈ ನಿಲ್ಲಿಸಿ, "ಸಿಸ್ಟರ್, ನೋಡಿ" ಎಂದರು. ಬಗ್ಗಿ ನೋಡಿದೆ. ಹಳೆಯ ಗಾಯದ ಜಾಗ ಈರುಳ್ಳಿಯ ಒಳಪೊರೆಯಷ್ಟು ತೆಳ್ಳಗಾಗಿತ್ತು. ಅದರ ಆಚೆ ಮಗುವಿನ ಕೂದಲು ಕಾಣುತ್ತಿತ್ತು.

ಮೇಡಂ ನನ್ನ ಕಡೆ ನೋಡಿದರು. ಡ್ರಿಪ್ಪಿನ ಮಾತು ಇಬ್ಬರೂ ಎತ್ತಲಿಲ್ಲ. ಆದರೆ ಆ ಮಂಗಳವಾರವೇ ಆಪರೇಷನ್ ಆಗಿದ್ದರೆ ಆ ಪೊರೆ ಅಷ್ಟು ಜಗ್ಗುತ್ತಲೇ ಇರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಅದನ್ನು ಮುಚ್ಚಿಟ್ಟು ಡ್ರಿಪ್ ತಡೆದದ್ದನ್ನು ಮಾತ್ರ ಬರೆದರೆ ನಾನು ಕಳ್ಳಿ.

ಹೆಣ್ಣುಮಗು. ಹೊರಗೆ ಬಂದ ಕೂಡಲೇ ಅತ್ತಿತು. ಹೊಲಿಗೆಗೆ ಮೊದಲು ಮೇಡಂ ಕೇಳಿದರು, "ಫೈಲಲ್ಲಿ ಟ್ಯೂಬ್ ಕಟ್ಟೋಕೆ ಸಹಿ ಇದೆ ಅಲ್ವಾ? ಕಟ್ಬಿಡ್ತೀನಿ. ಈ ಗರ್ಭಕೋಶಕ್ಕೆ ಇನ್ನೊಂದು ಬಸಿರು ಬೇಡ."

ಡಾಕ್ಟರಾಗಿ ಅವರು ಹೇಳಿದ್ದು ತಪ್ಪಲ್ಲ. ನಾನು ಸುಮ್ಮನಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಅತ್ತೆಗೆ ಸಂತೋಷ, ಮ್ಯಾನೇಜರಿಗೆ ನೆಮ್ಮದಿ, ಕಾಗದವೂ ಸರಿ. ನಾಳೆ ಯಾರು ಕೇಳಿದರೂ ಸಹಿ ತೋರಿಸಬಹುದು.

"ಸಹಿ ಇದೆ ಮೇಡಂ, ಒಪ್ಪಿಗೆ ಇಲ್ಲ," ಎಂದೆ.

"ಏನ್ ಹಾಗಂದ್ರೆ?"

"ಬೇಡ ಅಂತ ನನ್ನ ಹತ್ರ ಹೇಳಿದಾಳೆ. ಈಗ ಅರ್ಧ ಗಂಟೆ ಹಿಂದೆ."

ಮೇಡಂ ಪರದೆಯ ಮೇಲಿಂದ ಅವಳನ್ನು ನೋಡಿದರು. "ಏನಮ್ಮಾ, ನಿನ್ನ ಗಾಯ ತುಂಬಾ ತೆಳ್ಳಗಾಗಿದೆ. ಇನ್ನೊಂದು ಮಗು ಅಂದ್ರೆ ನಿನ್ನ ಪ್ರಾಣಕ್ಕೇ ಅಪಾಯ. ಕಟ್ಲಾ?"

ಹಲ್ಲು ಕಟಕಟ ಎನ್ನುತ್ತಿದ್ದ ಆ ಹುಡುಗಿ ಸ್ಪಷ್ಟವಾಗಿ ಹೇಳಿದಳು, "ಹೊಟ್ಟೆ ಬಿಚ್ಚಿಟ್ಕೊಂಡು ಕೇಳ್ಬೇಡಿ ಮೇಡಂ. ಹೊಲೀರಿ. ಆಮೇಲೆ ಕೇಳಿ."

ಮೇಡಂ ಹೊಲಿದರು. ಅರಿವಳಿಕೆ ಡಾಕ್ಟರು ಅತ್ತಿಬೆಲೆಗೆ ಫೋನ್ ಮಾಡಿ ತಡವಾಗುತ್ತದೆ ಎಂದರು.

ಹೊರಗೆ ನನ್ನನ್ನು ಅತ್ತೆ ಹಿಡಿದುಕೊಂಡರು. ವರಾಂಡದಲ್ಲಿದ್ದ ಜನವೆಲ್ಲ ತಿರುಗಿ ನೋಡುವಂತಹ ದನಿ. "ನಾರ್ಮಲ್ಲೂ ಆಗ್ಲಿಲ್ಲ, ನರಾನೂ ಕಟ್ಲಿಲ್ಲ. ಎಲ್ಡೂ ಕೆಡ್ಸ್ದೆ. ನಿಂಗೇನ್ ಬಂತವ್ವಾ ಇದ್ರಾಗೆ?"

"ನಿಮ್ಮ ಸೊಸೆ, ಮೊಮ್ಮಗಳು ಇಬ್ರೂ ಚೆನ್ನಾಗಿದಾರೆ. ಒಳಗೆ ಹೋಗಿ ನೋಡಿ," ಎಂದೆ.

ಮಾರನೇ ದಿನ ಬೆಳಿಗ್ಗೆ ಗಾಯದ ಪಟ್ಟಿ ನೋಡಲು ಹೋದಾಗ ಅವಳೊಬ್ಬಳೇ ಇದ್ದಳು. ಮಗು ಪಕ್ಕದಲ್ಲಿ ಮಲಗಿತ್ತು. ಏನಾದರೂ ಸಮಾಧಾನ ಹೇಳಬೇಕೆಂದು ನನ್ನ ಎಂದಿನ ಚಾಳಿಯಂತೆ ಶುರುಮಾಡಿದೆ. ನಾರ್ಮಲ್ ಆಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ, ನೀನು ನಿನ್ನ ಕೈಲಾದಷ್ಟು ಮಾಡಿದೆ, ಹೀಗೆ. ಅವಳು ತಡೆದಳು.

"ನಂಗೆ ಆಪರೇಷನ್ ಭಯಾನೇ ಇರ್ಲಿಲ್ಲ ಸಿಸ್ಟರ್. ಆಪರೇಷನ್ ಅಂದ್ರೆ ಜೊತೆಗೇ ಅದನ್ನೂ ಮಾಡ್ಬಿಡ್ತಾರೆ. ಅದಕ್ಕೇ ನಾರ್ಮಲ್ ಅಂದಿದ್ದು."

ನಾನು ಪಟ್ಟಿಯ ಅಂಚು ಬಿಡಿಸುತ್ತಿದ್ದೆ, ಅವಳೇ ಮುಂದುವರಿಸಿದಳು.

"ನಮ್ಮಕ್ಕಂಗೆ ಹೆರಿಗೆ ದಿನಾನೇ ಕಟ್ಟಿದ್ರು. ಎರಡನೇ ಮಗು ಎಂಟನೇ ದಿನ ಹೋಯ್ತು. ಇದಕ್ಕೆ ಒಂದ್ ವರ್ಷ ಆಗ್ಲಿ ಅಂತ ಅಷ್ಟೇ ನಾನು ಅಂದ್ಕೊಂಡಿದ್ದು. ಮೂರನೇದು ನಂಗೂ ಬೇಡ."

"ಮೊದ್ಲೇ ಹೇಳೋದಲ್ವೇನಮ್ಮಾ."

"ಯಾರ್ ಕೇಳಿದ್ರು?"

ಎರಡು ದಾರಿಯನ್ನೂ ಬಿಡಿಸಿ ಹೇಳಿದ್ದೆವು. ರಕ್ತ ಕಾದಿರಿಸಿದ್ದೆ, ಅರಿವಳಿಕೆಯವರನ್ನು ಕಟ್ಟಿಹಾಕಿದ್ದೆ, ಪೇಪರ್ ತರಿಸಿದ್ದೆ. ನಾರ್ಮಲ್ ಯಾಕೆ ಬೇಕು ಎಂದು ಮಾತ್ರ ಕೇಳಿರಲಿಲ್ಲ, ಅದಕ್ಕೆ ಉತ್ತರ ನಾನೇ ತಯಾರು ಮಾಡಿಕೊಂಡಿದ್ದೆ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು? ಟ್ಯೂಬ್ ಮುಟ್ಟುವುದಿಲ್ಲ ಎಂದು ಬರೆದುಕೊಡಿ, ಮಂಗಳವಾರವೇ ಬರುತ್ತೇನೆ ಎನ್ನುತ್ತಿದ್ದಳೋ ಏನೋ. ಒಂದು ಸಾಲಿನ ಮಾತು. ಆ ಒಂದು ಸಾಲು ಸಿಗದೆ ಆ ಹುಡುಗಿ ಈರುಳ್ಳಿ ಪೊರೆಯ ಮೇಲೆ ಏಳು ಗಂಟೆ ನೋವು ತಿಂದಳು. ಮನೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಅವರ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಪದ್ಧತಿ ನಮ್ಮ ಆಸ್ಪತ್ರೆಯದು, ನನ್ನದು.

ಆ ವಾರವೇ ಮ್ಯಾನೇಜರ್ ಹೊಸ ನಿಯಮದ ಹಾಳೆ ತಂದ. ಹಿಂದೆ ಸಿಸೇರಿಯನ್ ಆದವರಿಗೆ ಇಲ್ಲಿ ನಾರ್ಮಲ್ ಪ್ರಯತ್ನ ಇಲ್ಲ. ನಾನು ಜಗಳ ಆಡುತ್ತೇನೆ ಎಂದು ತೋಳು ಮಡಚಿಕೊಂಡು ಬಂದಿದ್ದ.

"ಒಪ್ಪಿದೆ," ಎಂದೆ. "ಅರಿವಳಿಕೆಯವರು ದಿನವಿಡೀ ಇಲ್ದಿರೋ ಕಡೆ ಮಾಡ್ಬಾರ್ದು. ಬೇಕು ಅಂದೋರನ್ನ ದೊಡ್ಡಾಸ್ಪತ್ರೆಗೆ ಕಳಿಸೋಣ, ಎಂಟನೇ ತಿಂಗಳಲ್ಲೇ ಹೇಳಿ ಕಳಿಸೋಣ. ನನ್ನದೂ ಒಂದು ಹಾಳೆ ಇದೆ."

ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು. ಸಂತಾನಹರಣದ ಒಪ್ಪಿಗೆ ಪತ್ರ ದಾಖಲಾತಿಯ ಕಟ್ಟಿನಲ್ಲಿ ಇರಬಾರದು. ಅದನ್ನು ಕೇಳುವುದು ತಿಂಗಳ ಮುಂಚೆ, ಹೆಂಗಸನ್ನು ಒಬ್ಬಳನ್ನೇ ಕೂರಿಸಿ, ಬಾಗಿಲು ಹಾಕಿ. ನೋವು ಶುರುವಾದ ಮೇಲೆ ಹಾಕಿಸಿದ ಸಹಿ ಸಹಿಯಲ್ಲ. ಅವನು ಗೊಣಗಿದ. ಡಾಕ್ಟರ್ ಮೇಡಂ ಅವನ ಕೈಯಿಂದ ಪೆನ್ನು ತೆಗೆದುಕೊಂಡು ನನ್ನ ಹಾಳೆಗೆ ಮೊದಲು ಸಹಿ ಹಾಕಿದರು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಎರಡನೇ ಹೆರಿಗೆಗೆ ಕಾಯುತ್ತಿದ್ದರೆ ನನ್ನದೊಂದು ಮಾತು. ನಿಮ್ಮ ಹಳೆಯ ಕಾರ್ಡ್ ಹುಡುಕಿ ಇಟ್ಟುಕೊಳ್ಳಿ. ಅರಿವಳಿಕೆಯವರು ಕಟ್ಟಡದಲ್ಲೇ ಇರುತ್ತಾರಾ, ಬಡಿತ ನೋಡಲು ಯಾರು ಕೂರುತ್ತಾರೆ, ಆಪರೇಷನ್ ಕೋಣೆ ಎಷ್ಟು ಹೊತ್ತಿಗೆ ಸಿದ್ಧವಾಗುತ್ತದೆ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ಜಾಗದಲ್ಲಿ ಹೆರಬೇಡಿ. ಆಪರೇಷನ್ ಬೇಕೆನಿಸಿದರೆ ಅದನ್ನೂ ಧೈರ್ಯವಾಗಿ ಹೇಳಿ, ಅದರ ಜೊತೆಗೆ ಏನು ಬೇಡ ಎಂಬುದನ್ನೂ ಬರೆದುಕೊಡಿ.

ಆರನೇ ವಾರಕ್ಕೆ ಅವಳು ಬಂದು ಕಾಪರ್-ಟಿ ಹಾಕಿಸಿಕೊಂಡು ಹೋದಳು. ಮಗುವಿಗೆ ವರ್ಷ ತುಂಬಿದ ಮೇಲೆ ಪುನಃ ಬಂದಳು, ಈ ಸಲ ಗಂಡನನ್ನು ಮುಂದೆ ಬಿಟ್ಟುಕೊಂಡು.

"ಇವರದ್ದು ಮಾಡಿಸ್ಬೇಕು ಸಿಸ್ಟರ್. ಮಾತಾಡಿ ಆಗಿದೆ. ನನ್ ಹೊಟ್ಟೆ ಎರಡ್ ಸಲ ಕೊಯ್ದಾಯ್ತಲ್ಲ."

ಡಾಕ್ಟರ್ ಮೇಡಂ ಅವನನ್ನು ಕುರ್ಚಿಯಲ್ಲಿ ಕೂರಿಸಿದರು. ಗಂಡಸರ ಸಂತಾನಹರಣವೆಂದರೆ ಹೊಟ್ಟೆ ಕೊಯ್ಯದ, ಸಂಜೆಗೆ ಮನೆಗೆ ಹೋಗುವಂತಹ ಚಿಕ್ಕ ಚಿಕಿತ್ಸೆ ಎಂದು ವಿವರಿಸಿದರು. ಅವನಿಗೆ ಪ್ರಶ್ನೆಗಳಿದ್ದವು. ನೋವಾಗುತ್ತಾ? ಎಷ್ಟು ದಿನ ರಜೆ? ಫೋರ್ಕ್‌ಲಿಫ್ಟ್ ಕುಲುಕಿದರೆ ಏನಾದರೂ ಆಗುತ್ತಾ? ಶಕ್ತಿ ಕಡಿಮೆಯಾಗುತ್ತಾ? ಆಮೇಲೆ ಬೇಕೆಂದರೆ ಬಿಚ್ಚಬಹುದಾ? ಅಮ್ಮನಿಗೆ ಹೇಳಲೇಬೇಕಾ? ಮೇಡಂ ಒಂದೊಂದಕ್ಕೂ ನಿಧಾನವಾಗಿ, ಚಿತ್ರ ಬರೆದು ಉತ್ತರಿಸಿದರು. ಒ.ಪಿ.ಡಿ.ಯಲ್ಲಿ ಜನ ಕಾಯುತ್ತಿದ್ದರು, ಯಾರೂ ಗಡಿಯಾರ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ಕೂಡ ಅವನಿಗೆ ಕಾಫಿ ತರಿಸಿದ. ಮುಕ್ಕಾಲು ಗಂಟೆಯ ನಂತರ ಅವನು ಬೆವರು ಒರೆಸಿಕೊಂಡು, "ಒಂದ್ ವಾರ ಯೋಚ್ನೆ ಮಾಡ್ಲಾ ಮೇಡಂ?" ಎಂದ.

"ಖಂಡಿತ. ನಿಮ್ಮ ದೇಹ, ನಿಮ್ಮ ನಿರ್ಧಾರ. ಅರ್ಜೆಂಟೇನಿಲ್ಲ," ಎಂದರು ಮೇಡಂ.

ಅವಳು ಮಗುವಿನ ಬಾಯಿಗೆ ಬಿಸ್ಕತ್ತಿನ ಚೂರು ಇಡುತ್ತಿದ್ದಳು. ತಲೆ ಎತ್ತದೆಯೇ ನನಗೆ ಹೇಳಿದಳು, "ಕೇಳಿಸ್ಕೊಂಡ್ರಾ ಸಿಸ್ಟರ್? ಇವ್ರಿಗೆ ಅರ್ಜೆಂಟಿಲ್ವಂತೆ."